ಮಿನ್ಹಾ ಮತ್ತು ಜಾಂಬೋಟಿಯ ಎಮ್ಮೆ

ಮಹಾಂತೇಶ ನಗರ, ಬೆಳಗಾವಿ
12 ಜೂನ್ 2024

ಗೆಳೆಯ ಸರದಾರಸಾಬನಿಗೆ ಈರಯ್ಯನ ಶರಣು.

ಲಕೋಟೆಯ ಮೇಲಿನ ಅಕ್ಷರ ನೋಡಿದಾಗಲೇ ಇದು ಯಾರ ಕಾಗದವೆಂದು ನಿನಗೆ ಗೊತ್ತಾಗಿರುತ್ತದೆ. ಖಾನಾಪುರದ ಹೈಸ್ಕೂಲಿನಲ್ಲಿ ನನ್ನ ಉತ್ತರಪತ್ರಿಕೆ ಇಣುಕಿ ನೋಡಿಯೇ ನೀನು ಕನ್ನಡದಲ್ಲಿ ಪಾಸಾದದ್ದು. ಇದನ್ನು ನಾನು ಎಲ್ಲಿ ಬೇಕಾದರೂ ನಿಂತು ಹೇಳುತ್ತೇನೆ. ಫೋನ್ ಮಾಡಬಹುದಿತ್ತು, ಆದರೆ ನನ್ನ ಕಿವಿಗಳು ಮುಷ್ಕರ ಹೂಡಿವೆ. ಯಂತ್ರ ಸಿಕ್ಕಿಸಿಕೊಂಡು ಫೋನ್ ಹಿಡಿದರೆ ಅದು ಕಿರುಚುತ್ತದೆ, ನಾನೂ ಕಿರುಚುತ್ತೇನೆ, ಕಾಂತಾ ಬಂದು ಇಬ್ಬರನ್ನೂ ಬೈಯುತ್ತಾಳೆ. ಅದಕ್ಕೇ ಕಾಗದ.

ಒಂದು ಸುದ್ದಿ ಹೇಳಲೇಬೇಕು. ನಾನು ಹೀಬ್ರೂ ಕಲಿತಿದ್ದೇನೆ. ನಗಬೇಡ. ನಿವೃತ್ತನಾದ ಮೇಲೆ ಕ್ಯಾಂಪ್ ಭಾಗದ ಒಬ್ಬ ಪಾದ್ರಿಗಳ ಹತ್ತಿರ ಹೋಗಿ, ಅಕ್ಷರ ತಿದ್ದುವ ಹುಡುಗನಂತೆ ಕೂತು ಕಲಿತೆ. ನಲವತ್ತು ದಾಟಿದವರಿಗೆ ಬರುವುದಿಲ್ಲ ಎಂದಿದ್ದರು ಅವರು. ಈಗ ಬೈಬಲ್ಲಿನ ಮೂಲವನ್ನು ನಿಘಂಟು ಪಕ್ಕಕ್ಕಿಟ್ಟುಕೊಂಡು ಓದುತ್ತೇನೆ. ಜಾಂಬೋಟಿಯ ಜಂಗಮರ ಮನೆಯಲ್ಲಿ ಹುಟ್ಟಿ ಹೀಬ್ರೂ ಓದುವವನು ನನ್ನ ಹೊರತು ಇನ್ನೊಬ್ಬನಿದ್ದರೆ ಅವನನ್ನು ತೋರಿಸು, ಕೈಮುಗಿಯುತ್ತೇನೆ.

ಸೆಪ್ಟೆಂಬರಿನಲ್ಲಿ ಇಲ್ಲಿಯ ಸಾಹಿತ್ಯ ಬಳಗದವರು ನನ್ನ ಉಪನ್ಯಾಸ ಇಟ್ಟಿದ್ದಾರೆ. ವಿಷಯ ಒಂದೇ ಒಂದು ಶಬ್ದ: ಮಿನ್ಹಾ. ಕೊಡುಗೆ ಎಂದು ಅರ್ಥ. ಆದಾಮನ ಮಕ್ಕಳಾದ ಕಾಯಿನ ಮತ್ತು ಹೇಬೆಲ ದೇವರಿಗೆ ತಂದದ್ದು ಮಿನ್ಹಾ. ದೇವಾಲಯದಲ್ಲಿ ನಯವಾದ ಹಿಟ್ಟು, ಎಣ್ಣೆ, ಧೂಪ, ಉಪ್ಪು ಸೇರಿಸಿ ಅರ್ಪಿಸುತ್ತಿದ್ದ ನೈವೇದ್ಯವೂ ಮಿನ್ಹಾ. ಸೋತ ನಾಡಿನವರು ಗೆದ್ದ ದೊರೆಗೆ ಕಟ್ಟುತ್ತಿದ್ದ ಕಪ್ಪವೂ ಮಿನ್ಹಾ. ಇನ್ನು ಯಾಕೋಬನ ಕಥೆ. ಅಣ್ಣ ಏಸಾವನ ಸಿಟ್ಟಿಗೆ ಹೆದರಿ ತಾನು ಹೋಗುವ ಮೊದಲೇ ದನಕರುಗಳ ಹಿಂಡುಗಳನ್ನು ಸಾಲಾಗಿ ಕಳಿಸಿದನಲ್ಲ, ಅದೂ ಮಿನ್ಹಾನೇ. ಇವೆಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದರೆ ನನಗೆ ಕಾಣುವುದು ಇಷ್ಟು: ಕೆಳಗೆ ನಿಂತವನು ಮೇಲೆ ಕೂತವನಿಗೆ ಒಯ್ಯುವುದು ಮಿನ್ಹಾ.

ಆದರೆ ಶಬ್ದದ ಬೇರು ಸಿಗುತ್ತಿಲ್ಲ. ಆ ಧಾತುವಿನ ಕ್ರಿಯಾಪದ ಹೀಬ್ರೂದಲ್ಲಿ ಉಳಿದಿಲ್ಲ. ಅರಬ್ಬಿಯಲ್ಲಿ ಉಳಿದಿದೆ ಎಂದು ನಿಘಂಟು ಹೇಳಿ ಸುಮ್ಮನಾಗುತ್ತದೆ. ಅರಬ್ಬಿ ಬಲ್ಲವರು ಬೆಳಗಾವಿಯಲ್ಲಿ ಬೇಕಾದಷ್ಟು ಜನ ಇದ್ದಾರೆ, ಆದರೆ ನನಗೆ ನೆನಪಾದದ್ದು ನೀನು. ಉರ್ದು ಶಾಲೆಯ ಹೆಡ್ ಮಾಸ್ತರಾಗಿದ್ದವನು, ತಪ್ಪಿದ್ದರೆ ಮುಖದ ಮೇಲೇ ಹೇಳುತ್ತೀ.

ಅಂದ ಹಾಗೆ, ನಿನ್ನ ಮಗ ಅಯಾಜನ ಮಗಳು ನಿಖತ ಬಾಣಂತನಕ್ಕೆ ತವರಿಗೆ ಬಂದಿದ್ದಾಳೆಂದು ಕೇಳಿದೆ. ಬಹಳ ಸಂತೋಷ. ಹುಡುಗಿಗೆ ನನ್ನ ಆಶೀರ್ವಾದ ಹೇಳು.

ನಿನ್ನ
ಈರಯ್ಯ


ಖಾನಾಪುರ
25 ಜೂನ್ 2024

ಶ್ರೀ ಈರಯ್ಯನವರಿಗೆ ಸಲಾಂ.

ತಮ್ಮ ಕಾಗದ ತಲುಪಿತು. ಹೀಬ್ರೂ ಕಲಿತದ್ದು ದೊಡ್ಡ ಮಾತು. ಅಭಿನಂದನೆಗಳು.

ತಾವು ಕೇಳಿದ ವಿಷಯ. ಅರಬ್ಬಿಯಲ್ಲಿ ‘ಮನಹ’ ಎಂದರೆ ಕೊಟ್ಟನು. ಆದರೆ ಹಳೆಯ ಬಳಕೆಯಲ್ಲಿ ಅದು ಒಂದು ವಿಶೇಷ ರೀತಿಯ ಕೊಡುವಿಕೆ. ಅದರಿಂದ ಬಂದ ‘ಮನೀಹಾ’ ಎಂಬ ಶಬ್ದವಿದೆ. ಹಾಲು ಕೊಡುವ ಒಂಟೆಯನ್ನೋ ಆಡನ್ನೋ ಹಾಲಿಲ್ಲದ ಮನೆಗೆ ಬಿಟ್ಟುಕೊಡುವುದು. ಹಾಲು ಅವರದು, ಪ್ರಾಣಿ ಕೊಟ್ಟವನದು. ಹಾಲು ಬತ್ತಿದ ಮೇಲೆ ಅದು ತಿರುಗಿ ಬರುತ್ತದೆ. ಒಂದು ಬೆಳೆ ತೆಗೆದುಕೊಳ್ಳಲು ಹೊಲ ಬಿಟ್ಟುಕೊಟ್ಟರೂ ಇದೇ ಮಾತು. ನಮ್ಮ ಹಿರಿಯರು ಇದನ್ನು ಬಹಳ ದೊಡ್ಡ ಪುಣ್ಯಗಳ ಸಾಲಿನಲ್ಲಿ ಇಟ್ಟಿದ್ದಾರೆ.

ಆದ್ದರಿಂದ ಕೆಳಗಿನವನು, ಮೇಲಿನವನು ಎಂಬ ತಮ್ಮ ಅರ್ಥ ಬೇರಿನಲ್ಲಿ ಇದ್ದಂತೆ ನನಗೆ ಕಾಣುವುದಿಲ್ಲ. ಅದು ಆಮೇಲೆ ಅರಮನೆಗಳಲ್ಲಿ ಸೇರಿಕೊಂಡಿರಬೇಕು. ಯಾಕೂಬರು ಅಣ್ಣನಿಗೆ ಕಳಿಸಿದ ಹಿಂಡಿನಲ್ಲಿ ಮರಿಗಳ ಸಮೇತ ಹಾಲೂಡುವ ಒಂಟೆಗಳಿದ್ದವೇ ಎಂದು ತಮ್ಮ ಮೂಲದಲ್ಲಿ ನೋಡಿಕೊಳ್ಳಿ. ಇದ್ದವೆಂದು ನನ್ನ ನೆನಪು.

ತಮ್ಮ ಮನೆಗೂ ನಮ್ಮ ಮನೆಗೂ ನಡುವೆ ಅಂಥದೊಂದು ನಡೆದು ಬಂದಿತ್ತು. ಈಗ ಇಲ್ಲ. ಉಪನ್ಯಾಸದಲ್ಲಿ ಅದನ್ನು ಸೇರಿಸುವುದು ಬೇಡ.

ಕಾಂತಾ ಬಾಯಿಯವರಿಗೆ ನಮ್ಮ ಮನೆಯವರು ಸಲಾಂ ಹೇಳಿದ್ದಾರೆ.

ಸರದಾರಸಾಬ


ಬೆಳಗಾವಿ
2 ಜುಲೈ 2024

ಸರದಾರಾ,

ಮೊದಲು ಜಗಳ. ‘ತಾವು’ ಯಾರು? ‘ತಮ್ಮ’ ಯಾರು? ನಿನ್ನ ಕಾಗದ ಓದಿ ನಾನು ಹಿಂದೆ ತಿರುಗಿ ನೋಡಿದೆ, ಕಲೆಕ್ಟರ್ ಸಾಹೇಬರು ಯಾರಾದರೂ ಬಂದು ನಿಂತಿದ್ದಾರೋ ಎಂದು. ಮಲಪ್ರಭೆಯ ಮಡುವಿನಲ್ಲಿ ನನ್ನ ತಲೆ ಅದುಮಿ ಈಜು ಕಲಿಸಿದವನು ನೀನು. ಆ ದಿನ ‘ತಾವು ಮುಳುಗಿರಿ’ ಎಂದಿದ್ದೆಯಾ?

ಜಗಳ ಮುಗಿಯಿತು. ಇನ್ನು ಕುಣಿಯುತ್ತೇನೆ. ಹಾಲೂಡುವ ಒಂಟೆಗಳು ಇವೆ! ಮೂವತ್ತು ಇವೆ, ಮರಿಗಳ ಸಮೇತ. ಎಷ್ಟು ಸಲ ಓದಿದ್ದೆ, ಕಣ್ಣಿಗೆ ಬಿದ್ದಿರಲಿಲ್ಲ. ಪಾದ್ರಿಗಳಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು ‘ಯಾರ್ರೀ ಈ ಮಾಸ್ತರು?’ ಅಂದರು. ‘ನನ್ನ ಗೆಳೆಯ’ ಅಂದೆ. ಎದೆ ಇಷ್ಟಗಲ ಮಾಡಿಕೊಂಡೇ ಅಂದೆ.

ಆದರೆ ಎಮ್ಮೆಯ ವಿಷಯದಲ್ಲಿ ನೀನು ನನ್ನನ್ನು ಚುಚ್ಚಿದ್ದೀ. ನನಗೆ ತಿಳಿಯುವುದಿಲ್ಲವೇ? ನಮ್ಮ ಅಜ್ಜಂದಿರು ಯಾಕೆ ಶುರು ಮಾಡಿದರೋ, ಇವರ ಮನೆಯಲ್ಲಿ ಕೂಸು ಹುಟ್ಟಿದರೆ ಅವರ ಮನೆಯಿಂದ ಹಿಂಡುವ ಎಮ್ಮೆ ಹೋಗಬೇಕು. ಬಾಣಂತಿ ಹಾಲು, ತುಪ್ಪ ಉಂಡು ಗಟ್ಟಿಯಾಗಬೇಕು. ಕೊಟ್ಟಿಗೆಯಲ್ಲಿ ಸ್ವಂತ ಎಮ್ಮೆ ಇರಲಿ, ಬಿಡಲಿ. ನಾನು ಹುಟ್ಟಿದಾಗ ನಿನ್ನ ಅಜ್ಜ ಖಾನಾಪುರದಿಂದ ಜಾಂಬೋಟಿಗೆ ಎಮ್ಮೆ ಹೊಡೆದುಕೊಂಡು ಬಂದ. ಅಯಾಜ ಹುಟ್ಟಿದಾಗ ನಮ್ಮಪ್ಪ ನಿಮ್ಮಲ್ಲಿಗೆ ತಂದು ಕಟ್ಟಿದ. ಆಮೇಲೆ ನಾನು ನೌಕರಿ ಹಿಡಿದು ಬೆಳಗಾವಿಗೆ ಬಂದೆ. ಕೊಟ್ಟಿಗೆ ಇಲ್ಲ, ಮೇವಿಲ್ಲ, ನಿಮ್ಮ ಮನೆಯಲ್ಲಿ ಕೂಸುಗಳಾದಾಗ ನನ್ನಿಂದ ಎಮ್ಮೆ ಬರಲಿಲ್ಲ. ಪ್ಯಾಟಿಯವನಾದ, ಮರೆತ ಎಂದು ನಿನ್ನ ಮನಸ್ಸಿನಲ್ಲಿ ಇದೆ.

ಮರೆತಿಲ್ಲ. ನನ್ನ ಮಗ ಚೇತನ ಹುಟ್ಟಿದಾಗ ಶಿವಬಸವ ನಗರದ ಬಾಡಿಗೆ ಮನೆಗೆ ನಿನ್ನ ಎಮ್ಮೆ ಬಂದದ್ದು ನನಗೆ ನಿನ್ನೆ ಮೊನ್ನೆಯಂತಿದೆ. ಮನೆಯ ಮಾಲೀಕ ಕೂಗಾಡಿದ. ನಾನು ಹಿತ್ತಲಲ್ಲಿ ಚಪ್ಪರ ಹಾಕಿ ಕಟ್ಟಿದೆ. ತಿರುಗಿ ಕಳಿಸುವಾಗ ಹೇಗೆ ಕಳಿಸಿದೆ, ಅದನ್ನೂ ನೆನಪು ಮಾಡಿಕೋ. ಟೆಂಪೋದಲ್ಲಿ ಎಮ್ಮೆಯ ಪಕ್ಕ ಒಂದು ಚೀಲ ಅಕ್ಕಿ, ಹಿತ್ತಾಳೆ ಕೊಡ, ನಿನಗೆ, ನಿಮ್ಮ ತಾಯಿಗೆ, ಜೈತುನಬೀಗೆ, ಮಕ್ಕಳಿಗೆ ಎಲ್ಲರಿಗೂ ಬಟ್ಟೆ. ಎಮ್ಮೆಯ ಕೋಡಿಗೆ ಜರಿ ಹಚ್ಚಿಸಿದ್ದೆ. ಖಾನಾಪುರದ ಪೇಟೆ ತುಂಬ ಜನ ನಿಂತು ನೋಡಿದರೆಂದು ಡ್ರೈವರ್ ಬಂದು ಹೇಳಿದ. ಹಾಗೆ ಯಾರು ಕಳಿಸಿದ್ದಾರೆ ಹೇಳು?

ಆದ್ದರಿಂದ ಈಗ ಮಾತು ಕೊಡುತ್ತೇನೆ. ನಿಖತಳಿಗೆ ಕೂಸಾದ ವಾರದೊಳಗೆ ಜಾಂಬೋಟಿಯಿಂದ ಎಮ್ಮೆ ಬರುತ್ತದೆ. ಅಲ್ಲಿ ನಮ್ಮಕ್ಕ ಮಾಯವ್ವನ ಕೊಟ್ಟಿಗೆ ಇನ್ನೂ ತುಂಬಿದೆ.

ಈರಯ್ಯ


ಖಾನಾಪುರ
20 ಜುಲೈ 2024

ಈರಯ್ಯನವರೇ,

ಎಮ್ಮೆ ಬೇಡ. ನಮ್ಮ ಮನೆಯಲ್ಲಿ ಹಾಲಿಗೆ ಕೊರತೆ ಇಲ್ಲ. ಬೆಳಗ್ಗೆ ಪ್ಯಾಕೆಟ್ ಬರುತ್ತದೆ, ಸಂಜೆ ಬೇಕಾದರೆ ಇನ್ನೊಂದು ಬರುತ್ತದೆ.

ತಾವು ಹೇಳಿದ ಟೆಂಪೋ ನಮಗೆಲ್ಲ ಚೆನ್ನಾಗಿ ನೆನಪಿದೆ.

ಯಾಕೂಬರ ಕಥೆಯಲ್ಲಿ ಅಣ್ಣ ಮೊದಲು ಏನು ಉತ್ತರ ಕೊಟ್ಟನೆಂದು ಇನ್ನೊಮ್ಮೆ ಓದಿ. ತನ್ನ ಹತ್ತಿರ ಬೇಕಾದಷ್ಟಿದೆ, ನಿನ್ನದು ನಿನಗಿರಲಿ ಎಂದ. ನಾನೂ ಅದನ್ನೇ ಹೇಳುತ್ತೇನೆ.

ಉಪನ್ಯಾಸ ಚೆನ್ನಾಗಿ ಆಗಲಿ.

ಸರದಾರಸಾಬ


ಜಾಂಬೋಟಿ
28 ಆಗಸ್ಟ್ 2024

ಪ್ರೀತಿಯ ಸರದಾರನಿಗೆ,

ನಿಖತಳಿಗೆ ಹೆಣ್ಣು ಕೂಸು! ಸುದ್ದಿ ಕಾಂತಾಳಿಗೆ ಎಲ್ಲಿಂದ ಬಂತೋ, ನಿನ್ನೆ ಹೇಳಿದಳು. ಬೆಳಗಾಗುವುದರೊಳಗೆ ಬಸ್ಸು ಹತ್ತಿ ಜಾಂಬೋಟಿಗೆ ಬಂದಿದ್ದೇನೆ. ಇಲ್ಲಿ ಮಳೆ ಇನ್ನೂ ಹೊಡೆಯುತ್ತಲೇ ಇದೆ, ಗದ್ದೆಗಳೆಲ್ಲ ಹಸಿರು. ಅಕ್ಕನ ಪಡಸಾಲೆಯಲ್ಲಿ ಕೂತು ಇದನ್ನು ಬರೆದು ಟೆಂಪೋದ ಯಲ್ಲೇಶನ ಕೈಗೆ ಕೊಡುತ್ತಿದ್ದೇನೆ. ಎಮ್ಮೆಯನ್ನೂ ಅವನೇ ತರುತ್ತಾನೆ.

ಬೇಡ ಎಂದು ಬರೆದಿದ್ದೀ. ಗೊತ್ತು. ಏಸಾವನೂ ಮೊದಲು ಬೇಡ ಎಂದ. ಆದರೆ ಯಾಕೋಬ ಒತ್ತಾಯ ಮಾಡಿದ, ಅಣ್ಣ ತೆಗೆದುಕೊಂಡ. ಆ ಸಾಲನ್ನು ನೀನು ಮುಂದೆ ಓದಿಲ್ಲ ಎಂದು ಕಾಣುತ್ತದೆ. ಹೀಬ್ರೂ ನನ್ನದು, ಅಲ್ಲಿ ನನ್ನ ಜೊತೆ ಆಟ ಆಡಬೇಡ.

ಎಮ್ಮೆ ಪಂಢರಪುರಿ ತಳಿಯದು. ಕೋಡು ನೋಡು, ಬೆನ್ನಿನ ಮೇಲೆ ತಲವಾರು ಮಲಗಿಸಿದ ಹಾಗೆ. ಟೆಂಪೋದಲ್ಲಿ ಅಡ್ಡ ನಿಲ್ಲಿಸಿಕೊಂಡೇ ತರಬೇಕು. ಎರಡನೆಯ ಸೂಲು. ಜೊತೆಗೆ ಕರುವೂ ಇದೆ.

ಇನ್ನು ಮುಖ್ಯ ಮಾತು. ಹಿಂದಿನವರಂತೆ ಹಾಲು ಬತ್ತಿದ ಮೇಲೆ ತಿರುಗಿ ಕಳಿಸು ಎಂದು ನಾನು ಹೇಳುವವನಲ್ಲ. ಈ ಎಮ್ಮೆ ನಿನ್ನದು. ಕರುವೂ ನಿನ್ನದು. ಮುಂದೆ ಅದರ ಹೊಟ್ಟೆಯಲ್ಲಿ ಹುಟ್ಟುವುದೆಲ್ಲ ನಿನ್ನ ಮರಿಮೊಮ್ಮಗಳದು. ಎಂದೂ ತಿರುಗಿ ಕಳಿಸಬೇಡ. ಈರಯ್ಯ ಕೊಟ್ಟರೆ ಪೂರ್ತಿ ಕೊಡುತ್ತಾನೆ. ಮುಂದಿನ ತಿಂಗಳ ಉಪನ್ಯಾಸದಲ್ಲಿ ಇದನ್ನೇ ಕೊನೆಯ ಉದಾಹರಣೆಯಾಗಿ ಹೇಳಬೇಕೆಂದಿದ್ದೇನೆ.

ನಿನ್ನ
ಈರಯ್ಯ


ಖಾನಾಪುರ
29 ಆಗಸ್ಟ್ 2024

ಈರಯ್ಯಾ,

ಎಮ್ಮೆಯನ್ನೂ ಕರುವನ್ನೂ ಅದೇ ಟೆಂಪೋದಲ್ಲಿ ಜಾಂಬೋಟಿಗೆ ತಿರುಗಿ ಕಳಿಸಿದ್ದೇನೆ. ಯಲ್ಲೇಶನಿಗೆ ಊಟ ಹಾಕಿದ್ದೇವೆ. ಈಗ ಕೂತು ಕೇಳು, ನಾನು ಒಂದೇ ಸಲ ಹೇಳುತ್ತೇನೆ.

ಚೇತನ ಹುಟ್ಟಿದಾಗ ನಮ್ಮ ತಾಯಿ ತನ್ನ ಕೈಯಾರೆ ಸಾಕಿದ ಎಮ್ಮೆ ಕಳಿಸಿದ್ದಳು. ಅದು ತಿರುಗಿ ಬರುವ ದಿನ ಬಾಗಿಲಲ್ಲಿ ನಿಂತಿದ್ದಳು, ಎಮ್ಮೆಯ ಹಿಂದೆ ನೀನೂ ಬರುತ್ತೀ ಎಂದು. ಕೂಸಿನ ಮಾತು ಕೇಳಬೇಕು, ಊಟ ಹಾಕಬೇಕು ಎಂದು ಹೊಸ ಗಡಿಗೆಯಲ್ಲಿ ನಿನಗಾಗಿ ಬೇರೆ ಅನ್ನ, ಸಾರು ಮಾಡಿಸಿದ್ದಳು. ನೀನು ಬರಲಿಲ್ಲ. ಅಕ್ಕಿ ಬಂತು. ಕೊಡ ಬಂತು. ಬಟ್ಟೆ ಬಂತು. ಜರಿ ಹಚ್ಚಿದ ಕೋಡು ಬಂತು. ಪೇಟೆ ತುಂಬ ಜನ ನೋಡಿದರು, ನಿಜ. ಅವರ ಎದುರಿಗೆ ನಮ್ಮ ತಾಯಿ ಡ್ರೈವರನನ್ನು ಕೇಳಿದಳು: “ನಮ್ಮ ಎಮ್ಮಿ ಬಂತು, ಚಲೋ ಆತು. ಈ ಅಕ್ಕಿ ಯಾಕಪಾ? ಹಾಲಿಗೆ ಬೆಲಿ ಕಟ್ಟಿ ಕಳಸ್ಯಾರೇನು?”

ತಾಯಿ ಒಳಗೆ ಹೋಗಿ ಜೈತುನಬೀಗೆ ಹೇಳಿದಳು: “ಇನ್ನ ಅವರ ಮನಿಯಿಂದ ಯಾರೂ ಬರೂದಿಲ್ಲ ಬಿಡು. ಎಲ್ಲಾ ಮುಗಿಸಿ ಕಳಸ್ಯಾರ.”

ಆದರೂ ನಿಖತ ಹುಟ್ಟಿದಾಗ ಅದೇ ತಾಯಿ ಜಾಂಬೋಟಿ ರಸ್ತೆಯ ಕಡೆ ನೋಡುತ್ತಾ ಕೂತಿದ್ದಳು. ಎಮ್ಮೆ ಬರುತ್ತದೇನೋ ಎಂದು. ನನಗೆ ಅದು ಇವತ್ತಿಗೂ ನುಂಗಲಾಗುವುದಿಲ್ಲ.

ನಿನಗೆ ಕೊಟ್ಟಿಗೆ ಇಲ್ಲ ಎಂದು ನಾನು ಎಂದೂ ಸಿಟ್ಟಾಗಿಲ್ಲ. ನಾನೇನು ದಡ್ಡನೇ? ನೀನು ಏನು ತೆಗೆದುಕೊಂಡರೂ ತಕ್ಷಣ ಅದರ ಹತ್ತು ಪಟ್ಟು ಎದುರಿನವನ ಮೇಲೆ ಸುರಿಯುತ್ತೀ. ಸುರಿದು, ಕೈ ಝಾಡಿಸಿಕೊಂಡು ಹೋಗುತ್ತೀ. ನಿನ್ನೆಯೂ ಅದನ್ನೇ ಮಾಡಿದೆ. ಎಂದೂ ತಿರುಗಿ ಕಳಿಸಬೇಡ ಎಂದು ಬರೆದೆ. ಎಮ್ಮೆ ತಿರುಗಿ ಬರುವುದು ಬೇಡವಾದರೆ ನೀನು ನಮ್ಮ ಮನೆಗೆ ಯಾಕೆ ಬರಬೇಕು? ನಾನು ನಿಮ್ಮ ಮನೆಗೆ ಯಾಕೆ ಬರಬೇಕು? ಹಳಬರು ಎಮ್ಮೆಯನ್ನು ಹಾಲಿಗೆ ಬಿಡುತ್ತಿದ್ದರು, ಪೂರ್ತಿ ಕೊಡುತ್ತಿರಲಿಲ್ಲ. ಕೊಡಲು ಅವರಿಗೆ ಮನಸ್ಸು ಸಣ್ಣದಾಗಿತ್ತು ಎಂದುಕೊಂಡೆಯಾ?

ದಾನ ತೆಗೆದುಕೊಳ್ಳುವ ಮನೆ ನಮ್ಮದಲ್ಲ. ನನ್ನ ಮರಿಮೊಮ್ಮಗಳು ಹುಟ್ಟಿದ ವಾರದಲ್ಲೇ ಅವಳನ್ನು ನಿನ್ನ ಕೆಳಗೆ ನಿಲ್ಲಿಸಲು ನಾನು ಬಿಡುವುದಿಲ್ಲ. ಉಪನ್ಯಾಸಕ್ಕೆ ಬೇರೆ ಉದಾಹರಣೆ ಹುಡುಕಿಕೋ.

ಸರದಾರಸಾಬ

ಮುಚ್ಚಿಡುವುದು ನನಗೆ ಬರುವುದಿಲ್ಲ, ಅದಕ್ಕೇ ಇದನ್ನೂ ಬರೆಯುತ್ತೇನೆ. ಬೇಡ ಎಂದು ನಾನು ನಿನಗೆ ಬರೆದ ಮೇಲೂ ಜೈತುನಬೀ ಖಾಲಿ ಕೊಟ್ಟಿಗೆ ಗುಡಿಸಿ, ಒಣ ಹುಲ್ಲು ತರಿಸಿ ಇಟ್ಟಿದ್ದಳು. ಟೆಂಪೋ ತಿರುಗಿ ಹೋದಾಗಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳೆ.


ಬೆಳಗಾವಿ
15 ಸೆಪ್ಟೆಂಬರ್ 2024

ಸರದಾರಾ,

ನಿನ್ನ ಕಾಗದ ಓದಿ ಹರಿದು ಹಾಕಬೇಕೆಂದುಕೊಂಡೆ. ಹರಿಯಲಿಲ್ಲ. ಉತ್ತರ ಬರೆದೆ, ಅದನ್ನು ಹರಿದೆ. ಇದು ಎಷ್ಟನೆಯದೋ.

ಉಪನ್ಯಾಸ ಮುಗಿಯಿತು. ಚಪ್ಪಾಳೆ ಬಿತ್ತು. ಮಿನ್ಹಾದ ಬೇರು ಹಾಲಿಗೆ ಬಿಟ್ಟ ಪ್ರಾಣಿಯಲ್ಲಿದೆ ಎಂದು ಪಂಡಿತರು ಊಹಿಸುತ್ತಾರೆ, ಅದನ್ನು ನನಗೆ ಬಿಡಿಸಿ ತೋರಿಸಿದವರು ಖಾನಾಪುರದ ಸರದಾರಸಾಬ ಮಾಸ್ತರರು ಎಂದು ಹೆಸರು ಹಿಡಿದು ಹೇಳಿದೆ. ನೀನು ಬೈದಿದ್ದರೂ ಹೇಳಿದೆ. ಆಮೇಲೆ ಒಬ್ಬ ಹುಡುಗಿ ಎದ್ದು ನಿಂತು, ‘ಸರ್, ಕೊಟ್ಟದ್ದನ್ನು ತಿರುಗಿ ತೆಗೆದುಕೊಂಡರೆ ಅದು ಕೊಡುಗೆ ಹೇಗಾಗುತ್ತದೆ?’ ಎಂದು ಕೇಳಿದಳು. ಇಷ್ಟೆಲ್ಲ ಓದಿದವನು ಮೇಜಿನ ಮೇಲಿದ್ದ ಲೋಟ ಎತ್ತಿ ನೀರು ಕುಡಿದೆ.

ಮನೆಗೆ ಬಂದು ಕಾಂತಾಳಿಗೆ ನಿನ್ನ ಕಾಗದ ಓದಿ ಹೇಳಿದೆ. ಅವಳು ಕಾಯಿಪಲ್ಯ ಹೆಚ್ಚುತ್ತಾ ಕೂತಿದ್ದವಳು ತಲೆ ಎತ್ತದೆ ಅಂದಳು: “ನನಗ ಗೊತ್ತೈತ್ರಿ. ಜೈತುನಬೀ ಹೇಳ್ಯಾಳ.” ಇಬ್ಬರೂ ಜೂನ್ ತಿಂಗಳಿನಿಂದ ದಿನಾ ಫೋನಿನಲ್ಲಿ ಮಾತಾಡುತ್ತಾರಂತೆ! ನೀನೂ ನಾನೂ ಇಲ್ಲಿ ಅಂಚೆಚೀಟಿಗೆ ಎಂಜಲು ಹಚ್ಚುತ್ತಾ ಕೂತಿದ್ದೇವೆ. “ಹಂಗಾರ ನನಗ್ಯಾಕ ಹೇಳಲಿಲ್ಲ?” ಅಂದೆ. “ನೀವು ಯಾವಾಗ ಕೇಳಿದ್ರಿ? ಯಾವಾಗ ನೋಡಿದ್ರೂ ನೀವಽ ಹೇಳತಿರ್ತೀರಿ” ಅಂದಳು.

ಜಾಂಬೋಟಿಯಲ್ಲಿ ಇನ್ನೊಂದು ಮಂಗಳಾರತಿ ಕಾದಿತ್ತು. ಮಾಯವ್ವಕ್ಕ ಅಂಗಳದಲ್ಲೇ ನಿಲ್ಲಿಸಿ ಕೇಳಿದಳು: “ಎಮ್ಮಿ ಪೂರ್ತಿ ಕೊಟ್ಟಬಿಡಂತ ನಿನಗ ಯಾರು ಹೇಳಿದ್ರೋ? ಎಮ್ಮಿ ನಂದು. ಹಾಲಿಗೆ ಬಿಡು ಅಂದ್ರ ಇವತ್ತಽ ಬಿಡತೀನಿ. ದಾನಾ ಮಾಡಾಕ ನೀ ಯಾವ ಊರ ದೇಸಾಯಿ?”

ಈಗ ನಿನ್ನ ಪಾಳಿ ಮುಗಿಯಿತು, ನನ್ನದು ಕೇಳು. ನಮ್ಮಪ್ಪ ಜೋಳಿಗೆ ಹಿಡಿದು ಮನೆಮನೆಗೆ ಹೋಗುತ್ತಿದ್ದದ್ದನ್ನು ನೀನು ನೋಡಿದ್ದೀ. ಅಪ್ಪನಿಗೆ ಅದು ಹೆಮ್ಮೆ. ಜಂಗಮನಿಗೆ ಭಕ್ತರು ನೀಡುತ್ತಾರೆ, ಜಂಗಮ ಹರಸುತ್ತಾನೆ, ಅಲ್ಲಿಗೆ ಸರಿಹೋಯಿತು. ಆದರೆ ನಾನು ಅಪ್ಪನ ಹಿಂದೆ ನಿಂತಿರುತ್ತಿದ್ದೆ. ಒಂದು ಮನೆಯಲ್ಲಿ ನನ್ನ ವಾರಿಗೆಯ ಹುಡುಗಿಯೊಬ್ಬಳು ಅಪ್ಪನ ಜೋಳಿಗೆಗೆ ಅಕ್ಕಿ ಹಾಕುತ್ತಾ ನನ್ನ ಮುಖ ನೋಡಿ ನಕ್ಕಳು. ಯಾಕೆ ನಕ್ಕಳೋ, ಅವಳಿಗೂ ಗೊತ್ತಿರಲಿಕ್ಕಿಲ್ಲ. ಆವತ್ತಿನಿಂದ ನನ್ನ ಕೈ ಯಾರ ಮುಂದೆಯೂ ಖಾಲಿ ಇರಬಾರದು ಎಂದು ಹಟ ಹಿಡಿದೆ. ಆ ಹಟದಿಂದಲೇ ಓದಿದೆ, ಮನೆ ಕಟ್ಟಿದೆ, ಎಪ್ಪತ್ತರ ಹತ್ತಿರ ಬಂದು ಹೀಬ್ರೂ ಕಲಿತೆ. ಹಟದ ಬಗ್ಗೆ ನನಗೆ ನಾಚಿಕೆ ಇಲ್ಲ. ಆದರೆ ನಿಮ್ಮ ತಾಯಿ ಬಾಗಿಲಲ್ಲಿ ನಿಂತಿದ್ದರು, ನನಗಾಗಿ ಅನ್ನ ಬೇಯಿಸಿದ್ದರು ಎಂದು ಓದಿದ ಮೇಲೆ ಊಟ ಸೇರುತ್ತಿಲ್ಲ. ಅವರು ಬದುಕಿದ್ದರೆ ಇವತ್ತೇ ಬಂದು ಆ ಅನ್ನ ಕೇಳುತ್ತಿದ್ದೆ.

ಆದ್ದರಿಂದ ಈಗ ಕಟ್ಟುನಿಟ್ಟಾಗಿ ಬರೆಯುತ್ತಿದ್ದೇನೆ, ಗಮನವಿಟ್ಟು ಓದು.

ಶುಕ್ರವಾರ ಎಮ್ಮೆ ಮತ್ತೆ ನಿನ್ನ ಬಾಗಿಲಿಗೆ ಬರುತ್ತದೆ. ಎಮ್ಮೆ ನಮ್ಮದು. ಕರು ನಮ್ಮದು. ನಿನಗೆ ಅದರಲ್ಲಿ ಒಂದು ಕೂದಲೂ ಸೇರುವುದಿಲ್ಲ. ಹಾಲಷ್ಟೇ ನಿಖತಳದು. ಹಾಲು ಬತ್ತಿದ ಮೇಲೆ ನನಗೆ ನನ್ನ ಎಮ್ಮೆ ತಿರುಗಿ ಬೇಕು. ಕೊಡದಿದ್ದರೆ ಖಾನಾಪುರದ ಬಸ್ ಸ್ಟ್ಯಾಂಡಿನಲ್ಲಿ ನಿಂತು ನಿನ್ನ ಹೆಸರು ಹಿಡಿದು ಕೂಗುತ್ತೇನೆ. ಕರೆದೊಯ್ಯಲು ನಾನೇ ಬರುತ್ತೇನೆ. ಬರಿಗೈಲಿ ಬರುತ್ತೇನೆ. ಒಂದು ಬಾಳೆಹಣ್ಣೂ ತರುವುದಿಲ್ಲ. ಕೂತು ಉಂಡು ಹೋಗುತ್ತೇನೆ.

ಈರಯ್ಯ


ಖಾನಾಪುರ
21 ಸೆಪ್ಟೆಂಬರ್ 2024

ಈರಯ್ಯಾ,

ಎಮ್ಮೆ ಬಂದಿದೆ. ಮೊದಲ ದಿನವೇ ನನ್ನನ್ನು ಒದ್ದಿತು, ಪಾತ್ರೆ ಉರುಳಿಸಿತು, ಜೈತುನಬೀ ಕೈಯಿಟ್ಟ ಕೂಡಲೇ ಸೊರ ಬಿಟ್ಟು ಹಾಲಿಳಿಸಿತು. ಯಾರ ಮನೆಯದು ಎಂದು ಕೇಳುವ ಅಗತ್ಯವೇ ಇಲ್ಲ, ಅಷ್ಟು ಸೊಕ್ಕು.

ನಿನ್ನ ಷರತ್ತುಗಳೆಲ್ಲ ಒಪ್ಪಿಗೆ. ಬಾಳೆಹಣ್ಣು ತಂದರೆ ಬಾಗಿಲು ತೆಗೆಯುವುದಿಲ್ಲ.

ನಮ್ಮ ತಾಯಿಯ ಮಾತನ್ನು ನಾನು ಸಿಟ್ಟಿನಲ್ಲಿ ಬರೆದೆ. ಒಂದು ಮಾತು ಬಿಟ್ಟಿದ್ದೆ. ನೀನು ಕಳಿಸಿದ ಬಟ್ಟೆಗಳಲ್ಲಿ ತನ್ನ ಸೀರೆಯನ್ನು ಅವಳು ಯಾರಿಗೂ ಕೊಡಲಿಲ್ಲ. ಈದ್ ದಿನ ತಾನೇ ಉಟ್ಟಳು. ಕೇಳಿದವರಿಗೆ “ನಮ್ಮ ಈರಯ್ಯ ಕಳಸ್ಯಾನ” ಅಂದಳು.

ಅಂಚೆಯಲ್ಲಿ ಇಷ್ಟು ಸಾಕು. ಕೂಸಿಗೆ ಅಲ್ಮಾಸ ಎಂದು ಹೆಸರಿಟ್ಟಿದ್ದೇವೆ.

ಸರದಾರ


ಖಾನಾಪುರ
10 ಜೂನ್ 2025

ಈರಯ್ಯಾ,

ಎಮ್ಮೆಯ ಹಾಲು ಬತ್ತಿತು. ಖರೇ ಹೇಳಬೇಕೆಂದರೆ ಬತ್ತಿ ಬಹಳ ದಿನ ಆಯಿತು. ಎಮ್ಮೆ ಹೋದರೆ ಕೊಟ್ಟಿಗೆ ಖಾಲಿ ಆಗುತ್ತದೆಂದು ಜೈತುನಬೀ ನಿನಗೆ ಬರೆಯಲು ಬಿಡಲಿಲ್ಲ. ಕೊನೆಗೆ ಅಯಾಜ ಸಂತೆಯಿಂದ ಒಂದು ಗಬ್ಬದ ಎಮ್ಮೆ ತಂದು ಕಟ್ಟಿದ. ಈಗ ಬರೆಯಲು ಅಪ್ಪಣೆ ಸಿಕ್ಕಿದೆ. ಬಾ. ಬಂದರೆ ಬಂದ ದಿನವೇ ಹೋಗುವ ಹಾಗಿಲ್ಲ.

ನೀನು ಒಂದು ವಿಷಯ ಮುಚ್ಚಿಟ್ಟಿದ್ದೀ. ಚೇತನನ ಹೆಂಡತಿ ಮೇಘಾ ಬಸುರಿ ಎಂದು ನಮಗೆ ಫೋನಿನಿಂದ ಗೊತ್ತಾಯಿತು. ನಿನ್ನ ಕಾಗದಗಳಲ್ಲಿ ಪಾದ್ರಿಗಳ ಕನ್ನಡಕವಿದೆ, ಮಳೆಯಿದೆ, ರಾಜಕೀಯವಿದೆ, ಇದೊಂದು ಇಲ್ಲ. ಯಾಕೆಂದು ನನಗೆ ಗೊತ್ತು. ಕೊಡುವುದನ್ನು ಕಲಿತೆ, ತಿರುಗಿ ಕೇಳುವುದನ್ನೂ ಕಲಿತೆ. ತೆಗೆದುಕೊಳ್ಳುವುದು ಬಂತು ಎಂದ ಕೂಡಲೇ ಬಾಯಿ ಮುಚ್ಚಿಕೊಂಡು ಕೂತೆ.

ಅಯಾಜ ತಂದ ಎಮ್ಮೆ ಮುಂದಿನ ತಿಂಗಳು ಈಯುತ್ತದೆ. ಮೇಘಾಳ ದಿನಗಳೂ ಅದರ ಹಿಂದೆಯೇ ತುಂಬುತ್ತವೆ. ಬಾಣಂತನ ನಿಮ್ಮಲ್ಲೇ ಎಂದು ಕಾಂತಾ ಬಾಯಿ ಹೇಳಿದ್ದಾರಂತೆ. ಎಮ್ಮೆ ಕಳಿಸಲೋ ಬೇಡವೋ, ಒಂದೇ ಮಾತಿನಲ್ಲಿ ಬರೆ. ಈ ಸಲ ನಾನು ಒತ್ತಾಯ ಮಾಡುವುದಿಲ್ಲ.

ಸರದಾರ


ಬೆಳಗಾವಿ
14 ಜೂನ್ 2025

ಸರದಾರಾ,

ಕಳಿಸು.

ಈರಯ್ಯ


ಬೆಳಗಾವಿ
3 ಸೆಪ್ಟೆಂಬರ್ 2025

ಸರದಾರನಿಗೆ,

ಮೇಘಾಳೂ ಕೂಸೂ ಚೆನ್ನಾಗಿದ್ದಾರೆ. ಗಂಡು. ನಿಮ್ಮ ಎಮ್ಮೆಯ ಹಾಲಿನಲ್ಲಿ ಕಾಂತಾ ದಿನಾ ಅಳ್ವಿ ಬೀಜದ ಪಾಯಸ ಮಾಡಿ ಬಾಣಂತಿಗೆ ಕೊಡುತ್ತಾಳೆ. ಜೂನಿನಲ್ಲಿ ನಿಮ್ಮ ಮನೆಯಲ್ಲಿ ಮೂರು ದಿನ ಕೂತು ಉಂಡದ್ದು ನನ್ನ ಹೊಟ್ಟೆಯಿಂದ ಇನ್ನೂ ಇಳಿದಿಲ್ಲ. ಜೈತುನಬೀಗೆ ಹಾಗೆಂದು ಹೇಳು.

ಎಮ್ಮೆಯನ್ನು ಎಲ್ಲಿ ಕಟ್ಟುತ್ತೀ ಎಂದು ನೀನು ಜೂನಿನಲ್ಲಿ ನಗುತ್ತಿದ್ದೆಯಲ್ಲ, ಕೇಳು. ಕಾರು ನಿಲ್ಲಿಸುವ ಜಾಗದಲ್ಲಿ ಕಟ್ಟಿದ್ದೇನೆ. ಚೇತನನ ಕಾರು ರಸ್ತೆಯಲ್ಲಿ ಮಳೆಗೆ ತೋಯುತ್ತಿದೆ. ಮಹಾಂತೇಶ ನಗರದ ಈ ಸಾಲಿನಲ್ಲಿ ಎಲ್ಲರೂ ಅಧಿಕಾರಿಗಳು, ಡಾಕ್ಟರುಗಳು. ಬೆಳಗ್ಗೆ ವಾಕಿಂಗ್ ಹೋಗುವವರೆಲ್ಲ ನಮ್ಮ ಗೇಟಿನ ಮುಂದೆ ನಿಲ್ಲುತ್ತಾರೆ. ಸೆಗಣಿ ವಾಸನೆ ಬರುತ್ತದೆಂದು ಒಬ್ಬಿಬ್ಬರು ಮುಖ ಸಿಂಡರಿಸಿದರು. ಅವರ ಮನೆಗೆ ಗಟ್ಟಿ ಮೊಸರು ಕಳಿಸಿದೆ, ಈಗ ಅವರೇ ಬಂದು ಹುಲ್ಲು ಹಾಕುತ್ತಾರೆ.

ನಿನ್ನೆ ಬಾಜು ಮನೆಯ ಶಶಿಧರ ಬಂದು ನಿಂತ. ಅವನು ನಿವೃತ್ತ ಇಂಜಿನಿಯರ್, ನನ್ನ ಪೈಪೋಟಿ ಅವನ ಜೊತೆ. ಅವನು ಗುಲಾಬಿ ಹಾಕಿದರೆ ನಾನು ದಾಸವಾಳ ಹಾಕುತ್ತೇನೆ. ಅವನು ಸುತ್ತು ಬಂದು ಎಮ್ಮೆಯ ಮೈ ನೋಡಿ, ಕೋಡು ನೋಡಿ, ಕೇಳಿದ:

“ಭಾಳ ಚಲೋ ಐತ್ರೀ ಸರ್. ಯಾವಾಗ ತಗೊಂಡ್ರಿ?”

ನಾನು ಎಮ್ಮೆಯ ಬೆನ್ನ ಮೇಲೆ ಕೈ ಇಟ್ಟುಕೊಂಡು, ರಸ್ತೆಯ ಆ ತುದಿಯವರೆಗೆ ಕೇಳುವ ಹಾಗೆ ಹೇಳಿದೆ:

“ನಂದಲ್ಲೋ ಶಶಿಧರಾ. ಖಾನಾಪುರದ ಸರದಾರಸಾಬಂದು. ನನ್ನ ಮಮ್ಮಗ ಹುಟ್ಟ್ಯಾನಂತ ಹಾಲಿಗೆ ಬಿಟ್ಟಾನ.”

ನಿನ್ನ
ಈರಯ್ಯ